ಒಂಬತ್ತೂ ಮುಕ್ಕಾಲು

ಶುಕ್ರವಾರವನ್ನು ‘ಶುಕವಾರ’ ಅಂತ ತೋರಿಸಿಕೊಂಡು ಕೂತಿದ್ದ ಕಂಪ್ಯೂಟರನ್ನು ಸರಿ ಮಾಡಲು ಹೋಗಿ ನಾನು ಈ ಕೆಲಸಕ್ಕೆ ಬಿದ್ದೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ನಾಮಕರಣದ ಕಾರ್ಡು, ಜೆರಾಕ್ಸು, ಲ್ಯಾಮಿನೇಶನ್ನು. ಕಾರ್ಡು ಮಾಡುವವರಿಗೆ ಒತ್ತಕ್ಷರ ಅಂದರೆ ಪ್ರಾಣ. ‘ಪುತ್ರಿ’ಯ ಕೆಳಗಿನ ಒತ್ತು ಹಾರಿಹೋದರೆ ಹೆಣ್ಣಿನ ಕಡೆಯವರು ಅಷ್ಟೂ ಕಾರ್ಡು ತಂದು ಟೇಬಲ್ ಮೇಲೆ ಸುರಿಯುತ್ತಾರೆ. ಅಂಥ ಅಂಗಡಿಯಲ್ಲಿ ವಾರಕ್ಕೊಂದು ದಿನ ‘ಶುಕವಾರ’ ಬರುವುದೆಂದರೆ ಏನು? ಗಿಣಿಯ ವಾರವೇ?

ಅಂಗಡಿಯ ಕಂಪ್ಯೂಟರುಗಳು ಹಳೆಯವು. ದುಡ್ಡು ಕೊಟ್ಟು ತರುವ ಹೊಸ ತಂತ್ರಾಂಶಗಳನ್ನು ತಡೆಯುವ ಶಕ್ತಿ ಅವಕ್ಕಿಲ್ಲ. ಅದಕ್ಕೇ ನಾನು ಮುಕ್ತ ತಂತ್ರಾಂಶ ಹಾಕಿಕೊಂಡಿದ್ದೆ. ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಪರದೆಯ ಅಡಿಯಲ್ಲಿ ಒಂದು ಪಟ್ಟಿ ಇರುತ್ತದಲ್ಲ, ಗಡಿಯಾರ, ಬ್ಯಾಟರಿ, ಸೌಂಡು, ಇಂಟರ್‌ನೆಟ್ಟಿನ ಗುರುತುಗಳೆಲ್ಲ ಸಾಲಾಗಿ ಕೂತಿರುವುದು, ಅದಕ್ಕೆ ಪ್ಯಾನೆಲ್ ಅನ್ನುತ್ತಾರೆ. ಅಲ್ಲಿ ಕೂತ ಒಂದೊಂದು ಪುಟ್ಟ ಸಾಮಾನೂ ಒಂದೊಂದು ವಿಜೆಟ್. ಗಡಿಯಾರದ ವಿಜೆಟ್ಟಿಗೆ ಎತ್ತರ ಅಳೆದಿದ್ದವರು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಅಳೆದಿದ್ದರು. ಇಂಗ್ಲಿಷಿಗೆ ಕೆಳಗೆ ಒತ್ತೂ ಇಲ್ಲ, ಮೇಲೆ ಗುಡಿಸೂ ಇಲ್ಲ. ನಮ್ಮ ಶುಕ್ರವಾರದ ಕಾಲು ಪಟ್ಟಿಯ ಅಂಚಿಗೆ ಸಿಕ್ಕಿ ಕತ್ತರಿಸಿ ಹೋಗುತ್ತಿತ್ತು.

ನಾನು ಓದಿದ್ದು ಬಿಎಸ್ಸಿ, ಅದರಲ್ಲಿ ಕಂಪ್ಯೂಟರ್ ಒಂದು ವಿಷಯ. ಅಷ್ಟು ಸಾಕಾಯಿತು. ಒಳಗೆ ಹೋಗಿ ಹುಡುಕಿದೆ, ಎತ್ತರದ ಲೆಕ್ಕ ಇರುವ ಜಾಗ ಸಿಕ್ಕಿತು, ಅಕ್ಷರ ನೋಡಿಕೊಂಡು ಎತ್ತರ ಹಿಗ್ಗುವ ಹಾಗೆ ಬರೆದು ಕಳಿಸಿದೆ. ಒಪ್ಪಿಕೊಂಡರು. ಅಲ್ಲಿಂದ ಮುಂದೆ ನನಗೆ ಕೈ ಕಡಿತ ಶುರುವಾಯಿತು. ಬ್ಯಾಟರಿ ಪೂರ್ತಿ ಇದೆ ಅಂತ ನಗುತ್ತಲೇ ಆರಿಹೋಗುವ ವಿಜೆಟ್ಟು, ಒತ್ತಿದರೆ ಪರದೆಯ ಆಚೆ ಹೋಗಿ ತೆರೆದುಕೊಳ್ಳುವ ಕ್ಯಾಲೆಂಡರು, ಕನ್ನಡದಲ್ಲಿ ಟೈಪು ಮಾಡುತ್ತಿದ್ದರೂ ಇಂಗ್ಲಿಷ್ ಎಂದೇ ಸಾಧಿಸುವ ಕೀಬೋರ್ಡಿನ ಗುರುತು, ಎಲ್ಲವನ್ನೂ ಒಂದೊಂದಾಗಿ ದಾರಿಗೆ ತಂದೆ. ಇದರಿಂದ ಬಿಡಿಗಾಸು ಬರುವುದಿಲ್ಲ. ಯಳಂದೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿರುವ ನನ್ನಣ್ಣ ‘ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ’ ಅಂತ ಗಾದೆ ಹೇಳಿ ನಗುತ್ತಾನೆ. ನಗಲಿ. ಸೊಟ್ಟಗಿರುವುದನ್ನು ಕಂಡೂ ಸುಮ್ಮನಿರುವ ಜಾತಿಯವಳಲ್ಲ ನಾನು, ಅವನಿಗೆ ಅದು ಚೆನ್ನಾಗಿ ಗೊತ್ತು.

ಆದರೆ ನಾನು ತಿದ್ದಿದ್ದರಲ್ಲೆಲ್ಲ ಒಂದೇ ಒಂದು ನನ್ನ ಕರುಳಿಗೆ ತಟ್ಟಿದ್ದು. ಅದು ಅಪ್ಪನ ಗಡಿಯಾರದ್ದು.

ಅಪ್ಪ ಇದೇ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಡೆಗೆ ಅಂತ ಮೈಕಿನಲ್ಲಿ ಕೂಗುವ ಕೆಲಸ. ‘ಹನೂರು, ರಾಮಾಪುರ ಕಡೆಗೆ ಹೋಗುವ ಬಸ್ಸು ಒಂಬತ್ತೂ ಮುಕ್ಕಾಲಿಗೆ ಹೊರಡುತ್ತದೆ’ ಅನ್ನುವುದನ್ನು ನಾನು ತೊಟ್ಟಿಲಲ್ಲೇ ಕೇಳಿರಬೇಕು. ಮನೆಯಲ್ಲಿ ಹ ಅನ್ನದ ಅಪ್ಪ ಮೈಕಿನ ಮುಂದೆ ಮಾತ್ರ ಹನೂರಿಗೆ ಹ ಹಾಕುತ್ತಿದ್ದ. ರಿಟೈರಾದ ಮೇಲೂ, ಅವ್ವ ತೀರಿಹೋಗಿ ನನ್ನ ಜೊತೆಗೇ ಇರಲು ಬಂದ ಮೇಲೂ, ಅವನು ಬಸ್ ಸ್ಟ್ಯಾಂಡು ಬಿಡಲಿಲ್ಲ. ನನ್ನ ಅಂಗಡಿಯ ಮುಂಭಾಗದಲ್ಲಿ ಕುರ್ಚಿ ಹಾಕಿಕೊಂಡು ಎದುರಿನ ಸ್ಟ್ಯಾಂಡನ್ನೇ ನೋಡುತ್ತಾ ಕೂರುತ್ತಿದ್ದ. ಕಾಮಗೆರೆಯವರು, ಮಾರ್ಟಳ್ಳಿಯವರು, ಯಳಂದೂರಿನವರು, ಹಳೇ ಮುಖ ಕಂಡವರೆಲ್ಲ ಸ್ಟ್ಯಾಂಡಿನ ಬೋರ್ಡು ಬಿಟ್ಟು ರಸ್ತೆ ದಾಟಿ ಬಂದು ಅವನನ್ನೇ ಕೇಳುತ್ತಿದ್ದರು. ‘ಸಾ, ರಾಮಾಪುರದ್ದು ಓಯ್ತಾ?’ ಜೇಬಿನಲ್ಲಿ ಫೋನು ಇರುತ್ತಿತ್ತು. ಫೋನಿಗೆ ಗಂಟೆ ಗೊತ್ತು, ಬಸ್ಸು ಗೊತ್ತಿಲ್ಲ ಅನ್ನುವುದು ಅವರ ಲೆಕ್ಕ.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಬಂದವು, ಮಾತು ಬಂತು, ಬೈಗುಳ ಅದಕ್ಕಿಂತ ಮೊದಲೇ ಬಂತು. ಬಾರದೆ ಹೋದದ್ದು ಅಂಕಿ. ಅಕ್ಷರ ಓದುತ್ತಿದ್ದ, ಪೇಪರ್ ಓದುತ್ತಿದ್ದ, ಬಸ್ಸಿನ ಹಣೆಯ ಮೇಲಿನ ಊರ ಹೆಸರು ಓದುತ್ತಿದ್ದ. ಆದರೆ ಎಂಟು, ಮೂರು, ಒಂಬತ್ತು ಅಂಕಿಯಲ್ಲಿ ಬಂದರೆ ಎಲ್ಲವೂ ಅವನಿಗೆ ಒಂದೇ ಥರ ಸುರುಳಿ ಸುತ್ತಿದಂತೆ ಕಾಣುತ್ತಿದ್ದವು. ಮುಳ್ಳಿನ ಗಡಿಯಾರವೂ ಅಷ್ಟೆ, ಯಾವ ಮುಳ್ಳು ಯಾವುದೆಂದು ಹಿಡಿಯಲು ಆಗುತ್ತಿರಲಿಲ್ಲ. ಕೆಲವರಿಗೆ ಹೀಗೆ ಆಗುವುದುಂಟು, ಬುದ್ಧಿಗೇನೂ ಆಗಿಲ್ಲ ಅಂತ ಡಾಕ್ಟರು ಹೇಳಿದರು. ಅಪ್ಪ ಕೇಳಿಸಿಕೊಂಡ, ಕೈಗಡಿಯಾರ ಬಿಚ್ಚಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟ.

“ಟೈಮ್ ನೋಡಾಕಾಗದ ಕಂಟ್ರೋಲರು ಯಾವ ಸೀಮೆ ಕಂಟ್ರೋಲರು ಕಣವ್ವ” ಅಂದ.

ನನಗೆ ತಕ್ಷಣ ಹೊಳೆದದ್ದು ಪ್ಯಾನೆಲ್ಲಿನ ಇನ್ನೊಂದು ಗಡಿಯಾರ. ಅಂಕಿಯಿಲ್ಲದೆ ಮಾತಿನಲ್ಲಿ ಗಂಟೆ ಹೇಳುವ ವಿಜೆಟ್ ಒಂದಿದೆ. ನಿಮಿಷ ನಿಮಿಷಕ್ಕೆ ಹೇಳುವುದಿಲ್ಲ, ಕಾಲು ಗಂಟೆಗೊಮ್ಮೆ ಹೇಳುತ್ತದೆ. ಹತ್ತು, ಹತ್ತೂಕಾಲು, ಹತ್ತೂವರೆ, ಹೀಗೆ. ಯಾರೋ ಪುಣ್ಯಾತ್ಮರು ಅದನ್ನು ಕನ್ನಡಕ್ಕೂ ತಂದಿಟ್ಟಿದ್ದರು. ಮೂಲೆಯಲ್ಲಿ ಬಿದ್ದಿದ್ದ ಒಂದು ಕಂಪ್ಯೂಟರನ್ನು ಒರೆಸಿ, ಅಪ್ಪನ ಕುರ್ಚಿಯ ಪಕ್ಕಕ್ಕೆ ಪರದೆ ಅವನ ಕಡೆ ತಿರುಗಿಸಿ ಇಟ್ಟು, ಪಟ್ಟಿಯನ್ನು ದಪ್ಪ ಮಾಡಿ, ಆ ಗಡಿಯಾರವೊಂದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿದೆ. ಹಾಕುವಾಗ ಹೊತ್ತು ಎಷ್ಟಾಗಿತ್ತೋ ಅಷ್ಟನ್ನು ತೋರಿಸಿತು: ‘ಹನ್ನೊಂದೂವರೆ’. ಒತ್ತು ಕತ್ತರಿಸಿರಲಿಲ್ಲ, ಅದು ನನ್ನದೇ ಕೆಲಸ. ಅಪ್ಪ ಬಾಯಿಬಿಟ್ಟು ಓದಿದ. ಆಮೇಲೆ ಇನ್ನೊಂದು ಸಲ ಓದಿದ.

“ಕಾಲು ಗಂಟೆಗೊಂದ್ಸಲ ಆದ್ರೆ ಸಾಕೇನಪ್ಪ?” ಅಂತ ಕೇಳಿದೆ.

“ಸಾಕು ಸಾಕು. ನಮ್ ಬಸ್ಗೋಳು ಅದಕ್ಕಿಂತ ಸರ್ಯಾಗಿ ಯಾವತ್ತು ಬಂದವೆ” ಅಂದ.

ಅಂದಿನಿಂದ ಅಪ್ಪನಿಗೆ ಜೀವ ಬಂತು. ಮತ್ತೆ ಸ್ಟ್ಯಾಂಡಿನ ಕಡೆ ಮುಖ ಮಾಡಿ ಕೂತ. ಯಾರಾದರೂ ಕೇಳಿದರೆ ಪಕ್ಕದ ಪಟ್ಟಿಯ ಕಡೆ ಒಂದು ಕಣ್ಣು ಹಾಯಿಸಿ, ಮೈಕಿಲ್ಲದಿದ್ದರೂ ಮೈಕಿನ ದನಿಯಲ್ಲೇ ಹೇಳುತ್ತಿದ್ದ. ನಾನು ಒಳಗಿನ ಕೋಣೆಯಲ್ಲಿ ಕಾರ್ಡು ಕತ್ತರಿಸುತ್ತಾ ಆ ದನಿ ಕೇಳಿ ಬೀಗುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿ ಅಂಕಿಯ ಗಡಿಯಾರ ಇತ್ತು. ಅಪ್ಪನ ಪರದೆ ಅವನ ಕಡೆ ತಿರುಗಿತ್ತು, ನನಗೆ ಕಾಣುತ್ತಿದ್ದದ್ದು ಅದರ ಬೆನ್ನು.

ಕೆಲವು ವಾರವಾದ ಮೇಲೆ ಮಾರ್ಟಳ್ಳಿಯ ಒಬ್ಬ ಹೆಂಗಸು ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕಾರ್ಡು ಮಾಡಿಸಲು ಬಂದಿದ್ದರು. ಗಡಿ ಕಡೆಯವರು, ಮಾತಿಗೆ ಅರ್ಧ ಕನ್ನಡ, ಅರ್ಧ ತಮಿಳು. ನನಗೆ ಮ್ಯಾಟರ್ ಕೊಟ್ಟು ಹೊರಡುವಾಗ ಅಪ್ಪನನ್ನು ಹತ್ತು ಗಂಟೆಯ ಮಾರ್ಟಳ್ಳಿ ಬಸ್ಸಿಗೆ ಇನ್ನೂ ಎಷ್ಟು ಹೊತ್ತಿದೆ ಅಂತ ಕೇಳಿದರು. ಅಪ್ಪ ಪಟ್ಟಿ ನೋಡಿ, “ಅತ್ತೂ ಮುಕ್ಕಾಲಾಯ್ತಲ್ಲವ್ವ, ಅದು ಓಗಿ ಯಾವ ಕಾಲಾಯ್ತು. ಇನ್ನು ಮದ್ಯಾನದ್ದೇ” ಅಂದುಬಿಟ್ಟ. ಅವರು ನಂಬಿ ಪೇಟೆಯ ಒಳಗಿದ್ದ ತಂಗಿಯ ಮನೆಗೆ ಹೋದರು. ಹೊತ್ತು ಆಗ ಒಂಬತ್ತೂ ಮುಕ್ಕಾಲು. ಬಸ್ಸು ಹತ್ತಕ್ಕೆ ಬಂತು, ಹೋಯಿತು.

ಮಧ್ಯಾಹ್ನ ಆ ಹೆಂಗಸು ವಾಪಸ್ ಬಂದರು. ತಂಗಿಯ ಮನೆಯ ಗೋಡೆ ಗಡಿಯಾರ ನೋಡಿ ಅವರಿಗೆ ವಿಷಯ ಗೊತ್ತಾಗಿತ್ತು. “ಕಂಟ್ರೋಲರ್ ಅಯ್ಯಾ ಅಂತ ನಂಬುನ್ನಿ. ಹಿಂಗ ಪೊಯ್ ಹೇಳದಾ? ಮನೇಲಿ ಕೂಸ ಬಿಟ್ಟು ಬಂದಿವ್ನಿ” ಅಂತ ರಸ್ತೆಯಲ್ಲೇ ನಿಂತು ಕೂಗಿದರು. ಪೊಯ್ ಅಂದರೆ ಸುಳ್ಳು. ಅವರು ಹೋದ ಮೇಲೆ ಅಪ್ಪ ಎದ್ದು, ಕುರ್ಚಿಯನ್ನು ಎಳೆದು, ಬಸ್ ಸ್ಟ್ಯಾಂಡಿಗೆ ಬೆನ್ನು ಮಾಡಿ ಹಾಕಿಕೊಂಡು ಗೋಡೆಯ ಮೇಲಿನ ಕಾರ್ಡುಗಳ ಸ್ಯಾಂಪಲ್ ನೋಡುತ್ತಾ ಕೂತ.

ಅದೊಂದೇ ಅಲ್ಲ ಅಂತ ಆಮೇಲೆ ತಿಳಿಯಿತು. ಅದಕ್ಕೂ ಮೊದಲು ಕೆಲವರಿಗೆ ಹೀಗೆ ಒಂದು ಗಂಟೆ ಮುಂದಾಗಿ ಹೇಳಿದ್ದನಂತೆ. ಅವರು ಅಪ್ಪನ ಆರೋಗ್ಯ ನೋಡಿ ನಕ್ಕು ಸುಮ್ಮನಾಗಿದ್ದರಂತೆ. ಮಾತು ಯಳಂದೂರಿಗೂ ಹೋಗಿತ್ತು. ಭಾನುವಾರ ಅಣ್ಣ ಬಂದ. ಅಪ್ಪ ಮಲಗಿದ್ದಾಗ ನನ್ನನ್ನು ಅಂಗಡಿಯ ಹೊರಗೆ ಕರೆದ.

“ಬೇಜಾರ್ ಮಾಡ್ಕೋಬೇಡ. ಅಪ್ಪ ಮೊದ್ಲಿನಂಗಿಲ್ಲ ಕಣೆ. ಗಂಟೆ ಯಾವ್ದು ಅಂತಾನೇ ಗೊತ್ತಾಗ್ದಿದ್ರೆ ನಾಳೆ ರಸ್ತೆ ಯಾವ್ದು ಅಂತಾನೂ ಗೊತ್ತಾಗಲ್ಲ. ಮುಂದಿನ ಭಾನುವಾರ ಬಂದು ಯಳಂದೂರಿಗೆ ಕರ್ಕೊಂಡು ಹೋಗ್ತೀನಿ. ಮನೇಲಿ ಟಿವಿ ನೋಡ್ಕೊಂಡು ಆರಾಮಾಗಿರ್ಲಿ. ನಾಕು ಜನ ನಗೋದು ಬ್ಯಾಡ” ಅಂದ.

ಅಣ್ಣನ ಮೇಲೆ ನನಗೆ ಉರಿದುಹೋಯಿತು. ಅವನು ಕೆಟ್ಟವನಲ್ಲ, ಅದೇ ಕಷ್ಟ. ಅಪ್ಪನ ಮೇಲೆ ಜನ ನಗುವುದನ್ನು ಅವನಿಂದ ನೋಡಲು ಆಗುತ್ತಿರಲಿಲ್ಲ. ಆದರೆ ಬಸ್ ಸ್ಟ್ಯಾಂಡು ಕಾಣದ ಮನೆಯಲ್ಲಿ ಅಪ್ಪ ಟಿವಿ ಮುಂದೆ ಕೂತರೆ ಲಕ್ವ ಬಿಟ್ಟುಹೋದದ್ದನ್ನು ಟಿವಿ ತೆಗೆದುಕೊಂಡು ಹೋಗುತ್ತದೆ ಅಂತ ನನಗೆ ಖಂಡಿತ ಗೊತ್ತಿತ್ತು. ನೋಡೋಣ ಅಂದೆ. ಅಪ್ಪನನ್ನು ಕೇಳಿದೆಯಾ ಅಂದೆ. ಅಪ್ಪ ಆಗಲೇ ಹೂಂ ಅಂದಿದ್ದಾನೆ ಅಂದ. ಅದು ಮಾತ್ರ ನನ್ನನ್ನು ಹೆದರಿಸಿತು. ಅಪ್ಪ ಯಾವುದಕ್ಕೂ ಒಂದೇ ಸಲಕ್ಕೆ ಹೂಂ ಅಂದವನಲ್ಲ.

ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆರೆದು, ಕಸ ಗುಡಿಸಿ, ಗೋಡೆಗೆ ಮುಖ ಮಾಡಿ ಕೂತಿದ್ದ ಅಪ್ಪನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ.

“ಯಾಕಪ್ಪ ಓಗ್ತೀನಿ ಅಂದೆ? ನಿಜ ಹೇಳು” ಅಂದೆ.

ಅಪ್ಪ ದನಿ ತಗ್ಗಿಸಿ, ಯಾರಿಗೂ ಹೇಳಬಾರದ ಕಾಯಿಲೆ ಹೇಳುವವನ ಹಾಗೆ ಹೇಳಿದ.

“ನಂಗೆ ಮುಕ್ಕಾಲು ಬರಾಕಿಲ್ಲ ಕಣವ್ವ.”

“ಅಂಗಂದ್ರೆ?”

“ಒಂಬತ್ತಾಯ್ತದೆ, ಒಂಬತ್ತೂಕಾಲು ಆಯ್ತದೆ, ಒಂಬತ್ತೂವರೆ ಆಯ್ತದೆ. ಅಲ್ಲೀಗಂಟ ಸರ್ಯಾಗೇ ಅದೆ. ಅದಾದ್ಮೇಲೆ ಒಂಬತ್ತೂ ಮುಕ್ಕಾಲು ಕಾಣಾಕಿಲ್ಲ. ಅತ್ತೂ ಮುಕ್ಕಾಲು ಕಾಣ್ತದೆ. ಅದಾದ್ಮೇಲೆ ಪುನಾ ಅತ್ತು ಕಾಣ್ತದೆ. ಒಂದು ಗಂಟೆ ಮುಂದಕ್ಕೆಗರಿ ವಾಪಸ್ ಬತ್ತದೆ. ಪ್ರತಿ ಗಂಟೇಗೂ ಇಂಗೇ. ಮೊದ್ಲೊಂದೆರಡ್ ಸಲ ಸರ್ಯಾಗಿ ನೋಡ್ನಿಲ್ವೇನೋ ಅನ್ಕಂಡೆ. ಮಾರ್ಟಳ್ಳಿಯವ್ವ ಕೂಗಾಡ್ ಓದ್ಮೇಲೆ ಕಾದ್ ಕೂತು ನೋಡ್ದೆ. ಇಂಗೇ. ತಲೆ ಒಳ್ಗೆ ಆ ಜಾಗ ಒಂದು ಸತ್ತೋಗದೆ ಕಣವ್ವ. ನಿಂಗೆ ಏಳಿದ್ರೆ ನೀನು ಅಳ್ತೀಯಾ ಅಂತ ಏಳ್ನಿಲ್ಲ.”

ನಾನು ಅಳಲಿಲ್ಲ. ನನ್ನ ಮೈಯೆಲ್ಲ ಕಿವಿಯಾಗಿತ್ತು. ಕಾಯಿಲೆ ಹೀಗೆ ಗಂಟೆ ಹೊಡೆದಂತೆ ಬರುವುದಿಲ್ಲ. ಇಷ್ಟು ನಿಯತ್ತಾಗಿ, ಕಾಲು, ಅರೆಗೆ ಸರಿಯಿದ್ದು ಮುಕ್ಕಾಲಿಗೆ ಮಾತ್ರ ತಪ್ಪುವುದು ಮನುಷ್ಯರ ತಲೆಯಲ್ಲ, ಪ್ರೋಗ್ರಾಮು. ನಾನು ಎದ್ದು, ಅಪ್ಪನ ಕುರ್ಚಿಯನ್ನು ಅವನು ಕೂತಿದ್ದ ಹಾಗೇ ಪರದೆಯ ಕಡೆ ತಿರುಗಿಸಿದೆ. ಪಟ್ಟಿಯ ಮೇಲೆ ‘ಒಂಬತ್ತೂವರೆ’ ಅಂತ ಇತ್ತು. ಇಬ್ಬರೂ ನೋಡುತ್ತಾ ಕೂತೆವು. ಜೆರಾಕ್ಸಿಗೆ ಬಂದವರನ್ನು ಆಮೇಲೆ ಬನ್ನಿ ಅಂದೆ. ಎದುರಿನ ಸ್ಟ್ಯಾಂಡಿನಿಂದ ಒಂದು ಬಸ್ಸು ಹಿಂದಕ್ಕೆ ತೆಗೆದುಕೊಂಡು ಹೊರಟಿತು, ಕಂಡಕ್ಟರು ಸೀಟಿ ಊದಿದ. ಪಟ್ಟಿಯ ಮೇಲಿನ ಅಕ್ಷರ ಬದಲಾಯಿತು.

ಅಪ್ಪ ಕಣ್ಣು ಮುಚ್ಚಿಕೊಂಡ. “ನೋಡ್ದಾ? ಈಗ ನಂಗೆ ಅತ್ತೂ ಮುಕ್ಕಾಲು ಅಂತ ಕಾಣ್ತಾದೆ” ಅಂದ.

“ನಂಗೂ ಅಂಗೇ ಕಾಣ್ತಾದೆ ಕಣಪ್ಪ” ಅಂದೆ.

ಅಪ್ಪ ಕಣ್ಣು ಬಿಟ್ಟು ನನ್ನ ಮುಖ ನೋಡಿದ. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡಿರಬೇಕು. ಜೆರಾಕ್ಸಿಗೆ ಬಂದು ಹೊರಗೆ ಕಾಯುತ್ತಿದ್ದ ಒಬ್ಬರನ್ನು ಒಳಗೆ ಕರೆದು, ಇದನ್ನು ಓದಿ ಸಾರ್ ಅಂದೆ. ಅವರು ‘ಹತ್ತೂ ಮುಕ್ಕಾಲು’ ಅಂತ ಓದಿ, ತಮ್ಮ ಫೋನು ನೋಡಿಕೊಂಡು, “ನಿಮ್ ಗಡಿಯಾರ ಒಂದ್ ಗಂಟೆ ಮುಂದದೆ ಕಣಮ್ಮ” ಅಂದರು. ಅಪ್ಪ ಆ ಅಕ್ಷರಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ. ಆಗ ನಾನು ಅತ್ತೆ.

ಅತ್ತು ಮುಗಿಸಿ ಒಳಗನ್ನು ಬಿಚ್ಚಿದೆ. ತಪ್ಪು ಹುಡುಕಲು ಕಷ್ಟವಾಗಲಿಲ್ಲ, ನಂಬಲು ಕಷ್ಟವಾಯಿತು. ಇಂಗ್ಲಿಷಿನವರು ಒಂಬತ್ತೂ ಮುಕ್ಕಾಲಿಗೆ ‘ಕ್ವಾರ್ಟರ್ ಟು ಟೆನ್’ ಅನ್ನುತ್ತಾರೆ. ಹತ್ತಕ್ಕೆ ಕಾಲು ಗಂಟೆ ಬಾಕಿ ಅಂತ. ಪ್ರೋಗ್ರಾಮಿನಲ್ಲಿ ‘ಕ್ವಾರ್ಟರ್ ಟು’ ಅಂತ ಬರೆದು ಪಕ್ಕದಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದರು. ಆ ಜಾಗಕ್ಕೆ ಗಂಟೆಯ ಹೆಸರನ್ನು ಪ್ರೋಗ್ರಾಮೇ ತಂದು ಕೂರಿಸುತ್ತದೆ, ಕೂರಿಸುವುದು ಒಂಬತ್ತನ್ನಲ್ಲ, ಬರಲಿರುವ ಹತ್ತನ್ನು. ಕನ್ನಡಕ್ಕೆ ತಂದವರಿಗೆ ಖಾಲಿ ಜಾಗ ಕಂಡಿತು, ಅಲ್ಲಿಗೆ ಯಾರು ಬಂದು ಕೂರುತ್ತಾರೆ ಎಂದು ಕಾಣಲಿಲ್ಲ. ಅವರು ಒಳ್ಳೆಯ ಕನ್ನಡದವರು. ನಮ್ಮ ಹಾಗೆ ‘ಮುಕ್ಕಾಲು’ ಅಂತ ಬರೆದರು. ಹತ್ತು ಬಂದು ಕೂತಿತು, ಹತ್ತೂ ಮುಕ್ಕಾಲಾಯಿತು. ಕನ್ನಡ ಸರಿಯಾಗಿ ಬರದವರು ಮಾಡಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ‘ಹತ್ತಕ್ಕೆ ಕಾಲು ಬಾಕಿ’ ಅಂತ ಏನೋ ಒಂದು ಬರೆದು ಪಾರಾಗಿರುತ್ತಿದ್ದರು.

ಅಪ್ಪನ ಕಂಪ್ಯೂಟರಿನಲ್ಲಿ ಊಟದ ಹೊತ್ತಿಗೆಲ್ಲ ಸರಿ ಮಾಡಿಬಿಟ್ಟೆ. ಆಗಿರುವ ಗಂಟೆ, ಬರಲಿರುವ ಗಂಟೆ ಎರಡನ್ನೂ ಪ್ರೋಗ್ರಾಮು ತಂದು ಮುಂದಿಡಲಿ, ಯಾವ ಭಾಷೆಗೆ ಯಾವುದು ಬೇಕೋ ಅದನ್ನು ಎತ್ತಿಕೊಳ್ಳಲಿ ಅನ್ನುವಂತೆ ಬರೆದೆ. ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಧ್ಯಾಹ್ನವೆಲ್ಲ ಪರೀಕ್ಷೆ ಮಾಡಿದೆ. ಎರಡೂ ಮುಕ್ಕಾಲು ಬಂತು, ಮೂರು ಬಂತು. ಮೂರೂ ಮುಕ್ಕಾಲು ಬಂತು, ನಾಲ್ಕು ಬಂತು.

“ಆಯ್ತಲ್ಲಪ್ಪ. ನಿಂಗೇನೂ ಆಗಿಲ್ಲ. ಕುರ್ಚಿ ಆ ಕಡೆ ತಿರುಗಿಸ್ಲಾ?” ಅಂದೆ.

“ಇರ್ಲಿ ಬುಡು” ಅಂದ. ಪಟ್ಟಿಯನ್ನೇ ನೋಡುತ್ತಾ, “ಗಡಿಯಾರ ತಪ್ಪು ತೋರುಸ್ತು, ಸರಿ. ಬಿಸ್ಲು ನೋಡಿ ಗೊತ್ತಾಗ್ಬೇಕಿತ್ತಲ್ವಾ ನಂಗೆ? ಮೊದ್ಲಾಗಿದ್ರೆ ನೆಳ್ಳು ನೋಡೇ ಏಳ್ತಿದ್ದೆ” ಅಂದ. ಗಡಿಯಾರ ರಿಪೇರಿ ಮಾಡಬಹುದು, ಮುರಿದ ಧೈರ್ಯಕ್ಕೆ ಎಲ್ಲಿ ಸ್ಕ್ರೂ ಹಾಕುವುದು?

ಆಮೇಲೆ ಅವನೇ ಕೇಳಿದ. “ಎಲ್ಲಾರ್ ಕಂಪೂಟ್ರಲ್ಲೂ ಇಂಗೇ ತಪ್ ತೋರುಸ್ತಾ ಕೂತದಾ ಇದು?”

“ಕನ್ನಡದಲ್ಲಿ ಹಾಕ್ಕಂಡಿರೋರ್ದೆಲ್ಲ ಅಷ್ಟೇ.”

“ಅಂಗಾರೆ ನಂದೊಂದ್ ಸರಿ ಮಾಡಿ ಕೂತ್ಕಂಡ್ರೆ ಆಯ್ತಾ? ಕಂಟ್ರೋಲರು ಒಬ್ರ ಕಿವೀಲಿ ಟೈಮ್ ಏಳಾಕಿಲ್ಲ ಕಣವ್ವ, ಮೈಕಲ್ಲಿ ಏಳ್ತಾನೆ. ಅದ್ನ ಮಾಡಿದೋರಿಗೆ ಬರಿ.”

ಬರೆದೆ. ಆ ವಿಜೆಟ್ಟನ್ನು ನೋಡಿಕೊಳ್ಳುವವರು ಯಾವುದೋ ಚಳಿ ದೇಶದವರು, ನಾನು ಮುಖ ಕಂಡಿಲ್ಲ, ಆದರೆ ಎಷ್ಟೋ ಸಲ ನನ್ನ ತಿದ್ದುಪಡಿಗಳನ್ನು ನೋಡಿ ಒಪ್ಪಿದವರು. ಈ ಸಲ ಒಪ್ಪಲಿಲ್ಲ. ನಯವಾಗಿಯೇ ಬರೆದರು. ಒಂದು ಭಾಷೆಗಾಗಿ ಪ್ರೋಗ್ರಾಮು ಬದಲಾಯಿಸುವುದು ಯಾಕೆ, ‘ಹತ್ತಕ್ಕೆ ಹದಿನೈದು ನಿಮಿಷ ಇದೆ’ ಅಂತ ಅನುವಾದ ತಿದ್ದಿದರೆ ಜನಕ್ಕೆ ತಿಳಿಯುವುದಿಲ್ಲವೇ ಅಂತ ಕೇಳಿದರು.

ತಿಳಿಯುತ್ತದೆ. ಯಾಕೆ ತಿಳಿಯುವುದಿಲ್ಲ? ಆದರೆ ಹಾಗೆ ಯಾವ ಕಂಟ್ರೋಲರೂ ಮೈಕಿನಲ್ಲಿ ಕೂಗಿದ್ದಿಲ್ಲ. ಅಪ್ಪನ ಪಟ್ಟಿಯ ಮೇಲೆ ಅವನ ಬಾಯಲ್ಲಿ ಎಂದೂ ಬಾರದ ಮಾತು ಬರೆದಿಟ್ಟು, ಇದೇ ಗಂಟೆ ಅಂತ ಓದಿಸುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಅದೇ ಹೊತ್ತಿಗೆ ಮಾರ್ಟಳ್ಳಿಯ ಹೆಂಗಸು ಕಾರ್ಡು ತೆಗೆದುಕೊಂಡು ಹೋಗಲು ಬಂದರು. ಅಪ್ಪ ಹಿತ್ತಲಿಗೆ ಹೋಗಿದ್ದ. ಗಡಿಯಾರದ ತಪ್ಪನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ಪಾವಂ! ಅಯ್ಯನ ಮೇಲೆ ಕೂಗ್ಬುಟ್ನಲ್ಲ” ಅಂದರು. ನನಗೆ ಇದ್ದಕ್ಕಿದ್ದಂತೆ ಒಂದು ಹೊಳೆಯಿತು.

“ನಿಮ್ಮನೇಲಿ ತಮಿಳಲ್ಲಿ ಒಂಬತ್ತೂ ಮುಕ್ಕಾಲಿಗೆ ಏನಂತೀರವ್ವ?” ಅಂತ ಕೇಳಿದೆ.

“ಒಂಬದೇ ಮುಕ್ಕಾಲ್” ಅಂದರು. ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ.

ಅಷ್ಟೇ ಸಾಕಿತ್ತು ನನಗೆ. ತಮಿಳಿನ ಕಡತ ತೆರೆದು ನೋಡಿದೆ, ಅಲ್ಲಿನವರೂ ಇದೇ ಖಾಲಿ ಜಾಗದ ಮುಂದೆ ತಿಣುಕಾಡಿ ಏನೋ ಬಳಸುಮಾತು ಹಾಕಿದ್ದರು. ಕೂತು ಉತ್ತರ ಬರೆದೆ. ಇದು ಒಂದು ಭಾಷೆಯ ಮಾತಲ್ಲ. ನಿಮ್ಮ ಗಂಟೆ ಮುಂದೆ ನೋಡಿಕೊಂಡು ಎಷ್ಟು ಬಾಕಿ ಅಂತ ಲೆಕ್ಕ ಹಾಕುತ್ತದೆ, ನಮ್ಮ ಕಡೆಯ ಗಂಟೆ ಎಷ್ಟು ಆಗಿದೆ ಅಂತ ಲೆಕ್ಕ ಹಾಕುತ್ತದೆ. ಎರಡೂ ಸರಿ. ಗಡಿಯಾರ ಯಾರ ಮನೆಯದೋ ಅವರ ಲೆಕ್ಕ ಹೇಳಲಿ. ಕೊನೆಗೆ ಒಂದು ಸಾಲು ಸೇರಿಸಿದೆ: ನನ್ನ ತಂದೆ ಈ ಪಟ್ಟಿಯನ್ನು ನಂಬಿ, ಅದು ತಪ್ಪಿದಾಗ ತನ್ನ ತಲೆಯೇ ತಪ್ಪಿತೆಂದು ತಿಳಿದುಕೊಂಡರು. ಅದನ್ನು ಬರೆಯಬಾರದು, ಅಂಗಲಾಚಿದ ಹಾಗಾಗುತ್ತದೆ ಅಂತ ಅಳಿಸಿದೆ, ಮತ್ತೆ ಬರೆದೆ. ಇದ್ದದ್ದು ಇದ್ದ ಹಾಗೆ ಹೇಳಲು ನಾಚಿಕೆ ಯಾಕೆ?

ನಾನು ಬರೆದು ಮುಗಿಸುವಷ್ಟರಲ್ಲಿ ಮಾರ್ಟಳ್ಳಿಯವರು ಕಾರ್ಡು ಎಣಿಸಿ ಮುಗಿಸಿದ್ದರು. ಹೊರಗೆ ಅಪ್ಪ ಬಂದು ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಅವರು ಬೇಕೆಂದೇ ಅವನ ಹತ್ತಿರ ಹೋಗಿ, “ಅಯ್ಯಾ, ನಮ್ಮೂರ್ ಬಸ್ಸು ಎಷ್ಟೊತ್ತಿಗೆ?” ಅಂತ ಕೇಳಿದರು. ಅಪ್ಪ ಪಟ್ಟಿಯ ಕಡೆ ನೋಡಲಿಲ್ಲ. “ಫೋನ್ ನೋಡ್ಕಳವ್ವ” ಅಂದ. ಅವರು ನನ್ನ ಮುಖ ನೋಡಿ ಹೊರಟುಹೋದರು.

ಶನಿವಾರ ಉತ್ತರ ಬಂತು. ತಿದ್ದುಪಡಿ ಒಪ್ಪಿದ್ದರು. ‘ನಿಮ್ಮ ತಂದೆಯವರಿಗೆ ನನ್ನ ಕ್ಷಮೆ ತಿಳಿಸಿ’ ಅಂತ ಕೆಳಗೆ ಒಂದು ಸಾಲಿತ್ತು. ಅಪ್ಪನಿಗೆ ಕನ್ನಡ ಮಾಡಿ ಓದಿ ಹೇಳಿದೆ. ಇನ್ನು ಮುಂದೆ ಎಲ್ಲರ ಪಟ್ಟಿಯಲ್ಲೂ ಮುಕ್ಕಾಲು ಸರಿಯಾಗಿ ಬರುತ್ತದೆ ಅಂದೆ. ಅಪ್ಪ ತಲೆಯಾಡಿಸಿದ. ಕುರ್ಚಿ ತಿರುಗಿಸಲಿಲ್ಲ. ಮನೆಗೆ ಹೋದ ಮೇಲೆ ತನ್ನ ಎರಡು ಪಂಚೆ, ಅಂಗಿ, ಮಾತ್ರೆಯ ಡಬ್ಬಿ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡ. ನನಗೆ ಗೆದ್ದ ಖುಷಿಯೆಲ್ಲ ಜರ್‍ರನೆ ಇಳಿದುಹೋಯಿತು.

ಭಾನುವಾರ ಅಣ್ಣ ಬೇಗನೆ ಬಂದ. ನೇರ ಅಂಗಡಿಗೇ ಬಂದ. ಅಪ್ಪ ಬ್ಯಾಗನ್ನು ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದ. ನಾನು ಅಣ್ಣನಿಗೆ ಖಾಲಿ ಜಾಗದ ಕತೆ, ತಿದ್ದಿದ ಕತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮೇಷ್ಟ್ರು ಕೇಳಿಸಿಕೊಂಡರು. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನಲ್ಲ ನಮ್ಮಣ್ಣ, ಎಲ್ಲದಕ್ಕೂ ಲೆಕ್ಕ ಬೇಕು ಅವನಿಗೆ.

“ಗಡಿಯಾರದ ತಪ್ಪು ಅಂತ ಒಪ್ಕೊಂಡೆ. ಆದ್ರೂ ಅಂಕಿ ಗೊತ್ತಾಗಲ್ಲ ಅನ್ನೋದು ಇದ್ದೇ ಇದೆಯಲ್ಲ. ಮೊದ್ಲು ಇದ್ದಿದ್ರಲ್ಲಿ ಕಮ್ಮಿ ಆಗಿರೋದು ನಿಜ ತಾನೆ?” ಅಂದ. ಕೈ ಎತ್ತಿ ವಾಚು ನೋಡಿಕೊಂಡ. “ಹೊರಡಣ ಅಪ್ಪ. ಆಗ್ಲೇ ಕ್ವಾರ್ಟರ್ ಟು ಟೆನ್.”

ಅಪ್ಪ ಗೋಡೆ ನೋಡುತ್ತಿದ್ದವನು ಕತ್ತು ತಿರುಗಿಸಿದ.

“ಅಂಗಂದ್ರೆ ಎಷ್ಟ್ಲಾ?”

“ಹತ್ತಕ್ಕೆ ಕಾಲು ಗಂಟೆ ಕಮ್ಮಿ ಅಂತ ಅಪ್ಪ.”

ಅಪ್ಪ ಪಟ್ಟಿಯ ಕಡೆ ನೋಡಿದ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಒಂಬತ್ತೂ ಮುಕ್ಕಾಲು’ ಅಂತ ಇತ್ತು, ಒಂದು ಒತ್ತೂ ಕತ್ತರಿಸಿರಲಿಲ್ಲ. ಅಪ್ಪ ಅದನ್ನೇ ನೋಡುತ್ತಾ, ಅಣ್ಣನಿಗೆ ಹೇಳಿದ.

“ಕಮ್ಮಿ ಯಾಕ್ಲಾ ಎಣುಸ್ತೀಯೆ? ಒಂಬತ್ತೂ ಮುಕ್ಕಾಲು ಆಗದೆ ಅನ್ನು. ಮುಕ್ಕಾಲು ಅದೆಯಲ್ಲ, ಅದ ಎಣುಸು. ಮೇಷ್ಟ್ರಾಗಿ ಅಷ್ಟೂ ಗೊತ್ತಿಲ್ವಾ ನಿಂಗೆ? ಮುಕ್ಕಾಲು ಮೂರುವೀಸ ನೆಟ್ಟಗೇ ಇವ್ನಿ ನಾನು.”

ಅಣ್ಣನ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡಲಿಲ್ಲ ಎನ್ನುವ ಹಾಗೆ ಕಟಿಂಗ್ ಮೆಶಿನ್ನಿನ ಕಡೆ ತಿರುಗಿದೆ. ಬೆನ್ನ ಹಿಂದೆ ಕುರ್ಚಿಯ ಕಾಲು ನೆಲಕ್ಕೆ ಕಿರುಗುಟ್ಟುವ ಸದ್ದಾಯಿತು. ತಿರುಗಿ ನೋಡಿದರೆ ಅಪ್ಪ ಸ್ಟ್ಯಾಂಡಿನ ಕಡೆ ಮುಖ ಮಾಡಿ ಕೂತಿದ್ದ. ಬ್ಯಾಗು ಗೋಡೆಯ ಹತ್ತಿರವೇ ಉಳಿದಿತ್ತು.

ನಾನು ಪಕ್ಕದ ಹೋಟೆಲಿಗೆ ಕೂಗಿ ಮೂರು ಕಾಫಿ ಹೇಳಿದೆ. ಅಣ್ಣ ಸ್ಟ್ಯಾಂಡಿನ ಕಡೆ ನೋಡಿ, ಯಳಂದೂರಿನ ಬಸ್ಸು ನಿಂತಿರುವುದನ್ನು ಕಂಡು, ಕಾಫಿ ಬೇಡ, ಇದು ಹೋದರೆ ಮತ್ತೆ ಕಾಯಬೇಕು ಅಂತ ಒಬ್ಬನೇ ಹೊರಡಲು ಎದ್ದ.

“ಅದು ಅತ್ತೂಕಾಲಿಗೆ ಬುಡೋದು. ಡ್ರೈವರು ಇನ್ನೂ ತಿಂಡಿಗೆ ಓಗವ್ನೆ. ಕಾಪಿ ಕುಡ್ಕಂಡೇ ಓಗು, ಕೂತ್ಕ” ಅಂದ ಅಪ್ಪ, ಮೈಕಿನ ದನಿಯಲ್ಲಿ.

ಅಣ್ಣ ವಾಚು ನೋಡಲು ಎತ್ತಿದ ಕೈಯನ್ನು ಹಾಗೇ ಇಳಿಸಿ, ಸ್ಟೂಲು ಎಳೆದುಕೊಂಡು ಅಪ್ಪನ ಪಕ್ಕ ಕೂತು ಕಾಫಿ ಲೋಟ ಹಿಡಿದ.